ಬಂಡೆಯ ಬಾಣಂತನ

ನಮ್ಮ ಕಡಲತಡಿಯ ಮ್ವಾಂಬೇನಿಯಲ್ಲಿ ಯಾರಾದರೂ ಕೆಲಸ ಬಿಟ್ಟು ಕೂತಿದ್ದರೆ, ಆ ಕೂತಿರುವುದಕ್ಕೆ ಯಾವ ಹೆಸರು ಸಲ್ಲುತ್ತದೆ ಎಂದು ತೀರ್ಮಾನಿಸುವ ಅಧಿಕಾರ ಬಿ ಮೀಜೆಯದು. ಯಾರೂ ಅವಳಿಗೆ ಕೊಟ್ಟ ಅಧಿಕಾರವಲ್ಲ ಅದು, ಅವಳಾಗಿಯೇ ತೆಗೆದುಕೊಂಡದ್ದು. ಊರು ತಕರಾರು ಮಾಡಲಿಲ್ಲ. ಸೂಲಗಿತ್ತಿಯ ಜೊತೆ ವಾದಕ್ಕಿಳಿಯುವ ಧೈರ್ಯ ಯಾರಿಗಿದೆ? ಊರಿನ ಅರ್ಧಕ್ಕರ್ಧ ಜನ ಹುಟ್ಟಿದ ಕೂಡಲೇ ಮೊದಲು ಕಂಡದ್ದು ಅವಳ ಮುಖವನ್ನೇ, ಮೊದಲು ತಿಂದದ್ದು ಅವಳ ಕೈಯ ಏಟನ್ನೇ.

ಮಸೀದಿಯ ಪಕ್ಕದ ಜಗಲಿಯಲ್ಲಿ ಅಳಗುಳಿ ಮಣೆ ಹಾಕಿಕೊಂಡು ಕೂತ ಗಂಡಸರು ಅವಳು ಬರುವುದನ್ನು ಕಂಡರೆ ಸ್ವಲ್ಪ ನೆಟ್ಟಗಾಗುತ್ತಿದ್ದರು.

"ಏನೋ ಸ್ವಲ್ಪ ಬಿಡುವಾಗಿದ್ವಿ, ಬಿ ಮೀಜೆ" ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಮುಗಿಯಿತು. ಅವಳು ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆ ಅಲ್ಲೇ ನಿಲ್ಲುತ್ತಿದ್ದಳು.

"ಬಿಡುವು ಅನ್ನೋದು ಎರಡು ಕೆಲಸದ ಮಧ್ಯೆ ಇರತ್ತೆ ಕಣಪ್ಪ. ಬೆಳಿಗ್ಗೆ ಒಂದು ಕೆಲಸ ಮಾಡಿದ್ಯಾ? ಸಂಜೆಗೆ ಒಂದಿದ್ಯಾ? ಎರಡೂ ಇಲ್ಲ ಅಂದ್ರೆ ಇದಕ್ಕೆ ಬಿಡುವು ಅನ್ನಲ್ಲ, ಬಿದ್ಕೊಂಡಿರೋದು ಅಂತಾರೆ."

ಒಂದೊಂದು ಸುಮ್ಮನಿರುವಿಕೆಗೂ ಒಂದೊಂದು ಮಾತಿದೆ, ಅದನ್ನು ಅದಲುಬದಲು ಮಾಡಬಾರದು ಎನ್ನುವುದು ಅವಳ ಹಟ. ಹೊರೆ ಇಳಿಸಿ ಮಾವಿನ ಮರದ ಕೆಳಗೆ ಉಸಿರು ಬಿಟ್ಟರೆ ಅದು ದಣಿವಾರಿಸಿಕೊಳ್ಳುವುದು, ಹೊರೆಯನ್ನು ಮತ್ತೆ ಎತ್ತುವ ಮನಸ್ಸಿದ್ದರೆ ಮಾತ್ರ. ಚಂದ್ರ ಅರ್ಧವಾದಾಗ ಕಡಲು ಸರಿಯಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಹೆಂಗಸರು ಆಕ್ಟೋಪಸ್ಸು ಹಿಡಿಯುವ ಬಂಡೆಸಾಲಿನ ಮೇಲೆ ಹೊದ್ದುಕೊಂಡೇ ಇರುತ್ತದೆ. ಆ ದಿನಗಳು ಸತ್ತ ನೀರು. ಆಗ ಹೆಂಗಸರು ಚಾಪೆ ಹೆಣೆಯಬೇಕು, ಒಬ್ಬರ ತಲೆ ಒಬ್ಬರು ಬಾಚಬೇಕು, ಅತ್ತೆಯರನ್ನು ಆಡಿಕೊಳ್ಳಬೇಕು. ಉತ್ತರದ ಗಾಳಿ ನಿಂತು ದಕ್ಷಿಣದ ಗಾಳಿ ಇನ್ನೂ ಏಳದ ವಾರಗಳಲ್ಲಿ ದೋಣಿಗಳು ಮರಳಿನ ಮೇಲೆ ಮಲಗಿವೆ ಅನ್ನಬೇಕು. ನಿಂತಿವೆ ಅಂದರೆ ಅವಳಿಗೆ ಸಿಟ್ಟು, ನಿಲ್ಲುವುದಕ್ಕೆ ದೋಣಿಗೆ ಕಾಲೆಲ್ಲಿದೆ ಎಂದು ಕೇಳುತ್ತಿದ್ದಳು. ತಿಂಗಳ ಆ ದಿನಗಳಲ್ಲಿ ನಮಾಜಿಗೆ ನಿಲ್ಲದ ಹೆಣ್ಣುಮಕ್ಕಳು ರಜೆಯಲ್ಲಿದ್ದೇನೆ ಅನ್ನುವುದು ನಮ್ಮಲ್ಲಿ ವಾಡಿಕೆ. ಅದು ದೇವರೇ ಮಂಜೂರು ಮಾಡಿದ ರಜೆ, ಅದಕ್ಕೆ ಆ ಮಾತು ಸಲ್ಲುತ್ತದೆ ಎನ್ನುತ್ತಿದ್ದಳು. ಇನ್ನು ಪುರುಸೊತ್ತು ಅನ್ನುವ ಮಾತಿನ ಮೇಲೆ ಅವಳಿಗೆ ನಂಬಿಕೆಯೇ ಇರಲಿಲ್ಲ. "ಇಲ್ಲ ಅನ್ನೋಕೆ ಬಿಟ್ರೆ ಆ ಮಾತನ್ನ ಯಾರಾದ್ರೂ ಬಳಸಿದ್ದು ಕೇಳಿದ್ದೀರಾ?" ಎಂದು ಕೇಳುತ್ತಿದ್ದಳು. ನಾವು ಕೇಳಿರಲಿಲ್ಲ.

ಆದರೆ ಎಲ್ಲದಕ್ಕೂ ಮೇಲಿನ ಮಾತು ಬಾಣಂತನ. ಅದನ್ನು ಅವಳು ಹಾಗೆಲ್ಲ ನಾಲಿಗೆಯ ಮೇಲೆ ತರುತ್ತಿರಲಿಲ್ಲ. ಹೆರಿಗೆಯಾಗಿ, ಮಗುವಿನ ಕಿವಿಯಲ್ಲಿ ಬಾಂಗು ಹೇಳಿಯಾದ ಮೇಲೆ, ಅವಳು ಹೊಸ್ತಿಲ ಮೇಲೆ ನಿಂತು "ಇವತ್ತಿಂದ ಬಾಣಂತನ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಮೇಲೆ ನಲವತ್ತು ದಿನ ಆ ತಾಯಿ ಕೊಡ ಎತ್ತುವ ಹಾಗಿಲ್ಲ, ಒಲೆಯ ಮುಂದೆ ಕೂರುವ ಹಾಗಿಲ್ಲ. ಗಂಡ ಪರದೆಯ ಈಚೆಗೇ ನಿಲ್ಲಬೇಕು. ಅತ್ತೆ ಎಷ್ಟೇ ಜೋರಿನವಳಾಗಿರಲಿ, ಒಂದು ಚಮಚ ಎತ್ತಿಕೊಡು ಎಂದು ಕೇಳುವ ಹಾಗಿಲ್ಲ.

ಬಲೆ ಹಾಕಿ ಮೀನು ಹಿಡಿಯುವ ಫಾಕಿ ಒಮ್ಮೆ ಈ ಮಾತನ್ನು ಹಗುರ ಮಾಡಿದ. ಹರೆಯದ ಬಿಸಿ, ಮೊದಲ ಮಗು. ಇಪ್ಪತ್ತು ದಿನ ಕಳೆದಿರಬೇಕು, ಹೆಂಡತಿಯನ್ನು ಸೌದೆಗೆ ಕಳಿಸಿದ. ಮಾರನೆಯ ಬೆಳಿಗ್ಗೆ ಮೀಜೆ ಚಾಪೆ ತಂದು ಅವನ ಬಾಗಿಲಿಗೆ ಅಡ್ಡ ಹಾಸಿಕೊಂಡು ಕೂತಳು. ಬೈಯಲಿಲ್ಲ, ಕೂಗಾಡಲಿಲ್ಲ. "ಊಟಕ್ಕೇನು ಮಾಡ್ತೀಯ, ಫಾಕಿ?" ಎಂದಳು ಅಷ್ಟೆ. ನಲವತ್ತು ಮುಗಿಯುವವರೆಗೆ ಮೂರು ಹೊತ್ತೂ ಅವನೇ ತೆಂಗಿನಕಾಯಿ ತುರಿದು ಅನ್ನ ಮಾಡಿ ಇಬ್ಬರು ಹೆಂಗಸರಿಗೂ ಬಡಿಸಿದ. ಮೀಜೆ ಪ್ರತಿ ಊಟಕ್ಕೂ ಉಪ್ಪು ಕಡಿಮೆ ಎಂದಳು. ಜಗಲಿಯವರು ಅವನನ್ನು ಇವತ್ತಿಗೂ ಅಡಿಗೆ ಫಾಕಿ ಎಂದೇ ಕರೆಯುತ್ತಾರೆ, ಅವನು ಅದನ್ನು ಇವತ್ತಿಗೂ ಮರೆತಿಲ್ಲ.

ಈ ಗಟ್ಟಿತನ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಗಂಡ ಮ್ಚಾ ಮೀನಿಗೆಂದು ಕಡಲಿಗೆ ಹೋದವನು ಹಿಂದಿರುಗದೆ ಹೋದಾಗ ಅವಳಿಗೆ ಏಳು ತಿಂಗಳು. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿಗೆ ಕೂತಳು. ಬಸುರಿ ವಿಧವೆಯ ಇದ್ದತ್ತು ಹೆರಿಗೆಯಾದ ಗಳಿಗೆಗೆ ಮುಗಿಯುತ್ತದೆ, ಹಾಗಾಗಿ ಅವಳ ಪಾಲಿಗೆ ಒಂದು ಸುಮ್ಮನಿರುವಿಕೆ ಮುಗಿದ ಉಸಿರಿನಲ್ಲೇ ಇನ್ನೊಂದು ಶುರುವಾಯಿತು. ತಾಯಿ ಇರಲಿಲ್ಲ. ದೂರದ ಸಂಬಂಧದ ಒಬ್ಬ ಮುದುಕಿ, ಆಗಿನ ಸೂಲಗಿತ್ತಿ, ಅವಳನ್ನು ಅಷ್ಟೂ ದಿನ ನೆಲಕ್ಕೆ ಕಾಲಿಡಲು ಬಿಡದೆ ಕಾಳುಮೆಣಸಿನ ಗಂಜಿ ಕುಡಿಸಿ ನಿಲ್ಲಿಸಿದಳು. ಊರಿನ ಹೆಂಗಸರು ಬಂಡೆಸಾಲಿನಿಂದ ತಂದ ಆಕ್ಟೋಪಸ್ಸಿನಲ್ಲಿ ಒಂದು ತುಂಡನ್ನು ದಿನವೂ ಅವಳ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಎದ್ದ ಮೇಲೆ ಮೀಜೆ ಅದೇ ಬಂಡೆಗೆ ಕೋಲು ಹಿಡಿದು ಹೋದಳು, ಅದೇ ಮುದುಕಿಯ ಹಿಂದೆ ಹೆರಿಗೆಮನೆಗಳಿಗೂ ಹೋದಳು. ಮಗಳು ತೀಮೆಯನ್ನು ಸಾಕಿದ್ದು ಈ ಎರಡು ಕೆಲಸ. "ನಿನ್ನ ಚೊಚ್ಚಲು ನನ್ನ ಕೈಗೇ ಬೀಳ್ಬೇಕು, ನಿನ್ನ ನಲವತ್ತು ದಿನ ನಂದು" ಎಂದು ಅವಳು ಮಗಳಿಗೆ ಹೇಳದ ವರ್ಷವಿಲ್ಲ. ತೀಮೆಗೆ ಇನ್ನೂ ಗೊಂಬೆ ಆಡುವ ವಯಸ್ಸಿದ್ದಾಗಲೇ ಇದನ್ನು ಹೇಳಿ ನಾಚಿಸುತ್ತಿದ್ದಳು.

ತೀಮೆ ಬಸುರಿಯಾದ ವರ್ಷವೇ ಬಂಡೆಸಾಲಿನ ವಿಷಯ ಊರಿನ ಮುಂದೆ ಬಂದದ್ದು.

ಆಕ್ಟೋಪಸ್ಸುಗಳು ಸಣ್ಣವಾಗುತ್ತಾ ಬಂದಿದ್ದವು. ಒಂದು ಕಾಲದಲ್ಲಿ ಒಂದನ್ನು ಹೊರಲು ಒಂದು ಬುಟ್ಟಿ ಬೇಕಿತ್ತು, ಈಗ ಒಂದು ಬುಟ್ಟಿಗೆ ಹತ್ತು ಹಾಕಿದರೂ ತುಂಬುತ್ತಿರಲಿಲ್ಲ. ಹೆಂಗಸರು ಕಡಲು ದೂರ ಸರಿಯುವ ದೊಡ್ಡ ಇಳಿತದ ಒಂದು ದಿನವನ್ನೂ ಬಿಡದೆ ಬಿಲಗಳಿಗೆ ಕೋಲು ಹಾಕುತ್ತಿದ್ದರು. ಪೆಂಬಾ ದ್ವೀಪದಲ್ಲಿ ಒಂದು ಮದುವೆಗೆ ಹೋಗಿದ್ದ ಮೀಜೆ ಅಲ್ಲಿನ ಹೆಂಗಸರು ಬಂಡೆಯನ್ನು ಮೂರು ತಿಂಗಳು ಮುಟ್ಟದೆ ಬಿಟ್ಟದ್ದನ್ನು, ಆಮೇಲೆ ಸಿಕ್ಕ ದೊಡ್ಡ ದೊಡ್ಡ ಆಕ್ಟೋಪಸ್ಸುಗಳನ್ನು ಕಣ್ಣಾರೆ ನೋಡಿ ಬಂದಳು. ಊರಿನ ಯಜಮಾನರಾದ ಉಸ್ಸಿಯವರ ಅಂಗಳದಲ್ಲಿ ಸಭೆ ಸೇರಿತು.

"ನಾವೂ ಮೂರು ತಿಂಗಳು ಮುಚ್ಚೋಣ" ಎಂದಳು ಮೀಜೆ.

ಎದುರು ಎದ್ದವಳು ರಿಜಿಕಿ, ತೀಮೆಯ ಅತ್ತೆ, ಮೀಜೆಯ ಬೀಗಿತ್ತಿ. ಅವಳ ಬಾಯಿ ಇರುವವರೆಗೆ ಮಸೀದಿಗೆ ಧ್ವನಿವರ್ಧಕ ತಂದದ್ದು ದಂಡ ಎಂದು ಊರೇ ಹೇಳುತ್ತದೆ.

"ಮುಚ್ಚೋಕೆ ಅದೇನು ಅಂಗಡಿನಾ? ಬಾಗ್ಲು ಎಲ್ಲಿದೆ ತೋರ್ಸು, ಅಗಳಿ ನಾನೇ ಹಾಕ್ತೀನಿ."

"ಹೋಗ್ಲಿ, ಬಂಡೆಗೆ ರಜೆ ಕೊಡೋಣ" ಎಂದರು ಉಸ್ಸಿ, ಸಮಾಧಾನದ ದನಿಯಲ್ಲಿ.

"ರಜೆ ಬಂದ್ರೆ ಮಕ್ಕಳೆಲ್ಲ ಎಲ್ಲಿಗೆ ಹೋಗ್ತಾವೆ, ಯಜಮಾನ್ರೇ? ಬಂಡೆಗೇ!"

ಎಲ್ಲರೂ ನಕ್ಕರು. ಹಿಂದಿನಿಂದ ಫಾಕಿ ಕೆಮ್ಮಿದ. ಅವನ ಗುಂಪಿನವರಿಗೆ ಬಹಳ ದಿನದಿಂದ ಆ ಬಂಡೆಯ ಮೇಲೆ ಬಲೆ ಎಳೆಯುವ ಆಸೆ.

"ಇವರು ತಿಂಗಳಲ್ಲಿ ಮೂರು ದಿನ ಬಾಯಿ ಮುಚ್ಕೊಂಡಿರಲ್ಲ, ಬಂಡೆ ಮುಚ್ತಾರಾ? ಒಂದು ಮಾತಾಗ್ಲಿ. ದಿನ ಆಗೋದಕ್ಕೆ ಮುಂಚೆ ಒಂದೇ ಒಂದು ಕೋಲು ಬಿಲಕ್ಕೆ ಹೋದ್ರೂ ಬಂಡೆ ನಮ್ಮ ಬಲೆಗೆ."

ಉಸ್ಸಿ ಗಡ್ಡ ನೀವಿಕೊಂಡು, ಅದು ನ್ಯಾಯವಾದ ಮಾತು ಎಂದುಬಿಟ್ಟರು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಸಲ ಬಲೆ ಎಳೆದರೆ ಆ ಬಂಡೆಯಲ್ಲಿ ಏನು ಉಳಿಯುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಗ ಮೀಜೆ ಎದ್ದು ಅಂಗಳದಿಂದ ಹೊರಗೆ, ಕಡಲು ಕಾಣುವಲ್ಲಿಗೆ ನಡೆದಳು. ಅಲ್ಲಿ ನಿಂತು ಹೊಸ್ತಿಲ ಮೇಲಿನ ತನ್ನ ದನಿಯಲ್ಲಿ ಹೇಳಿದಳು:

"ಆ ಬಂಡೆ ಹೆತ್ತೂ ಹೆತ್ತೂ ಸೊರಗಿದೆ. ಇವತ್ತಿಂದ ಬಾಣಂತನ."

ನಗೆ ನಿಂತಿತು. ರಿಜಿಕಿ ಕೂಡ ತಲೆಯ ಮೇಲಿನ ಕಾಂಗಾ ಬಟ್ಟೆ ಸರಿಮಾಡಿಕೊಂಡು ಕೂತುಬಿಟ್ಟಳು. ಆ ಮಾತಿಗೆ ಎದುರಾಡಿ ಗೊತ್ತಿದ್ದವನು ಫಾಕಿ ಒಬ್ಬನೇ, ಅವನೂ ಎದ್ದು ಮನೆಯ ಕಡೆ ಹೊರಟ.

ಆ ಮೇಲಿನ ವಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ದೊಡ್ಡ ಇಳಿತ ಬಂದು ಬಂಡೆಸಾಲು ಬೆನ್ನು ತೋರಿಸಿಕೊಂಡು ಮಲಗಿದ್ದರೂ ಯಾರೂ ಹತ್ತಿರ ಸುಳಿಯಲಿಲ್ಲ. ಕೆಲವರು ದಡದಲ್ಲಿ ದನಿ ಇಳಿಸಿ ಮಾತಾಡುತ್ತಿದ್ದರು. ಯಾರೋ ಒಬ್ಬಳು ಮೆಣಸಿನ ಗಂಜಿಯನ್ನೂ ತಂದು ನೀರಿಗೆ ಸುರಿದು ಹೋದಳಂತೆ. ಮೀಜೆಗೆ ಹೆಮ್ಮೆ. ತಾನಾಡಿದ ಮಾತು ಒಂದಿಡೀ ಕಡಲನ್ನು ಮಲಗಿಸಿದೆ ಎಂದು ಹೆಮ್ಮೆಪಡದೆ ಇರಲು ಅವಳೇನು ಸಂತಳಲ್ಲವಲ್ಲ.

ಆ ಹೆಮ್ಮೆಯಲ್ಲಿ ಅವಳು ಒಂದನ್ನು ಮರೆತಳು. ಸಭೆಯಲ್ಲಿ ಮೂರು ತಿಂಗಳು ಎಂದು ಅವಳು ಹೇಳಿದ್ದು ನಿಜ, ಆದರೆ ಅದಾದ ಮೇಲೆ ಬಾಣಂತನ ಎಂದೂ ಹೇಳಿದ್ದಳು. ಜನ ಎರಡನೆಯದನ್ನು ಮನೆಗೆ ಒಯ್ದು, ಮೊದಲನೆಯದನ್ನು ಅಂಗಳದಲ್ಲೇ ಬಿಟ್ಟು ಹೋಗಿದ್ದರು.

ನಲವತ್ತನೆಯ ದಿನ ಬೆಳಿಗ್ಗೆ ದಡದ ಕಡೆಯಿಂದ ತಮಟೆಯ ಸದ್ದು ಕೇಳಿ ಅವಳು ಹೊರಗೆ ಬಂದಳು. ಹೆಂಗಸರೆಲ್ಲ ಹೊಸ ಕಾಂಗಾ ಉಟ್ಟು, ಲೋಬಾನದ ಹೊಗೆ ಹಾಕಿಕೊಂಡು, ಬಾಣಂತಿಯನ್ನು ಹೊರಗೆ ಕರೆತರುವ ಹಾಡು ಹೇಳಿಕೊಂಡು ಕಡಲಿನ ಕಡೆ ನಡೆದಿದ್ದರು. ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಕೋಲು. ಮುಂದೆ ರಿಜಿಕಿ.

"ಬಾರೇ ಬೀಗಿತ್ತಿ, ನಿನ್ನ ಬಾಣಂತಿ ಎದ್ದಳು! ನೀನೇ ಮೊದಲು ಇಳೀಬೇಕು!"

ಮೀಜೆ ದಡದತ್ತ ಓಡಿದಳು. ದಡದ ಆ ತುದಿಯಲ್ಲಿ ಫಾಕಿಯ ಕಡೆಯವರು ಬಲೆಯನ್ನು ಬಿಚ್ಚಿ ಹರಡಿಕೊಂಡು ಕಾಯುತ್ತಿದ್ದರು. ಅವರು ಮೂರು ತಿಂಗಳ ಮಾತನ್ನು ಮರೆತಿರಲಿಲ್ಲ. ಮೊದಲ ಕೋಲು ನೀರಿಗೆ ಬಿದ್ದರೆ ಸಾಕಿತ್ತು ಅವರಿಗೆ.

ಇನ್ನೂ ಐವತ್ತು ದಿನವಿದೆ ಎಂದು ಕೂಗಿ ಹೇಳಬಹುದಿತ್ತು. ಯಾರು ಕೇಳುತ್ತಾರೆ? ನಲವತ್ತರ ಮೇಲೆ ಒಂದು ದಿನ ಬಾಣಂತಿಯನ್ನು ಒಳಗಿಟ್ಟ ಮನೆ ಈ ಊರಲ್ಲಿಲ್ಲ, ಇಡಬಾರದೆಂದು ಕಲಿಸಿದವಳೂ ಅವಳೇ. ಅವಳು ರಿಜಿಕಿಯ ಕೈಯಿಂದ ಕೋಲು ಕಿತ್ತುಕೊಂಡು ಮರಳಿಗೆ ಎಸೆದಳು.

"ಬರಿಗೈಲಿ ಬಾ ನನ್ನ ಜೊತೆ."

ಇಬ್ಬರೂ ಮೊಣಕಾಲಿನ ನೀರಿನಲ್ಲಿ ಬಂಡೆಯ ಅಂಚಿನವರೆಗೆ ನಡೆದರು. ಮೀಜೆ ಒಂದು ಬಿಲದ ಮುಂದೆ ಕುಕ್ಕುರುಗಾಲಲ್ಲಿ ಕೂತು, ರಿಜಿಕಿಯ ತೋರುಬೆರಳನ್ನು ಹಿಡಿದು ಒಳಗೆ ತೂರಿಸಿದಳು. ಕೋಲು ಹಾಕಿದಾಗ ಆಕ್ಟೋಪಸ್ಸು ಸುತ್ತಿ ಹಿಡಿಯುವುದನ್ನು ರಿಜಿಕಿ ಹುಟ್ಟಿದಾಗಿನಿಂದ ಬಲ್ಲಳು. ಇದು ಹಿಡಿಯಲಿಲ್ಲ. ಬೆರಳನ್ನು ಮೆತ್ತಗೆ ಹೊರಗೆ ತಳ್ಳಿತು. ಮತ್ತೆ ತೂರಿಸಿದರೆ ಮತ್ತೆ ತಳ್ಳಿತು. ಹೊರಗೆ ಬಂದ ಬೆರಳ ತುದಿಯಲ್ಲಿ ದಾರದ ಹಾಗೆ ಏನೋ ಅಂಟಿಕೊಂಡಿತ್ತು, ಅದರ ತುಂಬ ಸಣ್ಣಕ್ಕಿಯಂಥ ಬಿಳಿಯ ಕಾಳು.

"ಮೊಟ್ಟೆ" ಎಂದಳು ರಿಜಿಕಿ. ಅವಳ ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲಿರಬೇಕು.

ಮೀಜೆ ಎದ್ದು ನಿಂತಳು. ದಡದಲ್ಲಿ ಇಡೀ ಊರಿತ್ತು. ತಾನು ಈಗ ಹೇಳಲಿರುವುದು ಸೂಲಗಿತ್ತಿಯೊಬ್ಬಳು ಸಾಯುವವರೆಗೂ ಹೇಳಬಾರದ ಮಾತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇನ್ನೂ ಹೆರಿಗೆ ಆಗಿಲ್ಲ!" ಎಂದು ಕೂಗಿದಳು. "ಬಂಡೆ ಇನ್ನೂ ಬಸುರಿ. ನಾನು ದಿನದ ಲೆಕ್ಕ ತಪ್ಪಿದೆ. ತಪ್ಪು ನಂದು. ಹೆರಿಗೆ ಆಗ್ಲಿ, ಆಮೇಲೆ ನಲವತ್ತು!"

ತಮಟೆ ನಿಂತಿತು. ಬಸುರಿಯ ಕೋಣೆಗೆ ಕೋಲು ಹಿಡಿದು ನುಗ್ಗುವಂಥವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಒಬ್ಬೊಬ್ಬರಾಗಿ ಕೋಲು ಕೆಳಗಿಳಿಸಿದರು. ಆದರೆ ಫಾಕಿ ಬಿಡುತ್ತಾನೆಯೇ? ಎಷ್ಟೋ ವರ್ಷದ ಅನ್ನ ತೆಂಗಿನಕಾಯಿಯ ಲೆಕ್ಕ ಬಾಕಿಯಿತ್ತು.

"ಕೇಳಿಸ್ಕೊಂಡ್ರಾ? ಸೂಲಗಿತ್ತಿ ದಿನ ತಪ್ಪಿದ್ಲಂತೆ! ಇನ್ಮೇಲೆ ನಿಮ್ಮ ಹೆಂಡ್ರನ್ನೆಲ್ಲ ಹುಷಾರಾಗಿ ನೋಡ್ಕೊಳ್ರಪ್ಪ!"

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸರು ನಗಲಿಲ್ಲ, ಆದರೆ ಮನೆಗೆ ಹೋಗುವಾಗ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡರು. ಅದು ನಗೆಗಿಂತ ಕೆಟ್ಟದ್ದು.

ವಾರ ಕಳೆಯುವುದರೊಳಗೆ ರಿಜಿಕಿ ಮೀಜೆಯ ಮನೆಗೆ ಬಂದಳು. ತೀಮೆ ಚೊಚ್ಚಲಿಗೆ ತವರಿಗೆ ಬಂದಾಗಿತ್ತು, ಒಳಗೆ ಮಲಗಿದ್ದಳು. ರಿಜಿಕಿ ಚಹಾ ಬೇಡವೆಂದಳು, ಕೂರುವುದೂ ಬೇಡವೆಂದಳು.

"ಬೀಗಿತ್ತಿ, ತಪ್ಪು ತಿಳ್ಕೋಬೇಡ. ನನಗೆ ಇರೋನು ಒಬ್ಬ ಮಗ. ಅವನ ಮೊದಲ ಮಗು. ಪಕ್ಕದೂರಿನ ಕಾಜೀಜಾಗೆ ಹೇಳಿ ಬಂದಿದ್ದೀನಿ, ಹೆರಿಗೆ ಅವಳು ನೋಡ್ತಾಳೆ. ಇಲ್ಲೇ, ನಿನ್ನ ಮನೇಲೇ ಆಗ್ಲಿ. ಆದ್ರೆ ಕೈ ಅವಳದಿರ್ಲಿ."

ನಾನು ತಪ್ಪಿಲ್ಲ ಕಣೇ, ಬಂಡೆಗಾಗಿ ಹಾಗೆ ಹೇಳಿದೆ ಎಂದರೆ ಸಾಕಿತ್ತು. ಮಾತು ಮೀಜೆಯ ನಾಲಿಗೆಯವರೆಗೆ ಬಂದೂ ಬಿಟ್ಟಿತು. ಆದರೆ ಮುಂದೆ ನಿಂತಿದ್ದವಳು ರಿಜಿಕಿ. ಇಲ್ಲಿ ಹೇಳಿದ್ದು ಬಾವಿಕಟ್ಟೆಗೆ ಮುಟ್ಟಲು ಅರ್ಧ ಗಳಿಗೆ ಸಾಕು, ಮುಂದಿನ ಇಳಿತಕ್ಕೆ ಅಷ್ಟೂ ಕೋಲುಗಳು ಬಂಡೆಯ ಮೇಲಿರುತ್ತವೆ, ಅವುಗಳ ಬೆನ್ನಿಗೆ ಬಲೆ.

"ಆಗ್ಲಿ" ಎಂದಳು.

ಪರದೆಯ ಹಿಂದಿನಿಂದ ತೀಮೆಗೆ ಎಲ್ಲ ಕೇಳಿಸಿತ್ತು. ಅತ್ತೆ ಹೋದದ್ದೇ ತಡ, ಭಾರದ ಹೊಟ್ಟೆ ಹೊತ್ತು ಹೊರಗೆ ಬಂದಳು.

"ಆಗ್ಲಿ ಅಂದ್ಯಾ? ಇಷ್ಟು ವರ್ಷ ನನ್ನ ಕೈಗೇ ಬೀಳ್ಬೇಕು, ನನ್ನ ಕೈಗೇ ಬೀಳ್ಬೇಕು ಅಂತ ಹೇಳ್ದವಳು ಒಂದು ಮಾತಿಗೆ ಆಗ್ಲಿ ಅಂದ್ಯಲ್ಲಮ್ಮಾ. ನೀನು ದಿನ ತಪ್ಪೋಳಲ್ಲ. ನನಗ್ಗೊತ್ತು. ಆ ಕಲ್ಲಿಗೋಸ್ಕರ ಏನೋ ಮಾಡಿದ್ದೀಯ. ಆ ಕಲ್ಲು ನನಗಿಂತ ಹೆಚ್ಚಾ?"

"ಒಳಗೆ ಹೋಗಿ ಮಲಕ್ಕೋ. ನಿಂತ್ರೆ ಕಾಲು ಊದ್ಕೊಳತ್ತೆ."

"ಹೇಳಮ್ಮಾ!"

ಅವಳು ಹೇಳಲಿಲ್ಲ. ಮಗಳೂ ಅತ್ತೆಯ ಹತ್ತಿರ ಒಂದು ಮಾತು ಬಾಯಿಬಿಟ್ಟರೆ ಅಷ್ಟೇ ತಾನೆ. ತೀಮೆ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೀಜೆ ಹಿತ್ತಲಲ್ಲಿ ಕೂತು ಬಟ್ಟೆ ಒಗೆಯುವ ನೆಪದಲ್ಲಿ ಅತ್ತಳು. ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು, ಪಕ್ಕದ ಮನೆಯವರು ನೋಡಿದ್ದರು.

ಬಂಡೆಗೆ ಹೆರಿಗೆಯಾಯಿತೇ ಎಂದು ನೋಡಲು ಮುಂದಿನ ದೊಡ್ಡ ಇಳಿತಕ್ಕೆ ಊರಿನವರು ಮೀಜೆಯನ್ನು ಕಳಿಸಲಿಲ್ಲ, ರಿಜಿಕಿಯನ್ನು ಕಳಿಸಿದರು. ಹಿಂದಿರುಗಿ ಬಂದ ರಿಜಿಕಿ ಉಸ್ಸಿಯವರಿಗೆ "ಆಯ್ತು, ಮರಿಗಳು ಹೊರಟಿವೆ, ಇವತ್ತಿಂದ ನಲವತ್ತು" ಎಂದಷ್ಟೇ ಹೇಳಿದಳು. ಆಮೇಲೆ ಯಾಕೋ ಸೀದಾ ಮನೆಗೆ ಹೋಗದೆ ಮೀಜೆಯ ಅಂಗಳಕ್ಕೆ ಬಂದು ನಿಂತಳು.

"ತಾಯಿ ಸತ್ತಿದೆ ಮಾರಾಯ್ತಿ. ಬಿಲದ ಬಾಯಲ್ಲೇ ಬೆಳ್ಳಗೆ ಬತ್ತಿಹೋಗಿ ಬಿದ್ದಿದೆ."

"ಅದರ ಜಾತಿಯೇ ಹಾಗೆ. ಊಟ ಬಿಟ್ಟು ಮೊಟ್ಟೆ ಕಾಯತ್ತೆ, ಮರಿ ಹೊರಟ್ಮೇಲೆ ಹೋಗ್ಬಿಡತ್ತೆ. ಅದಕ್ಕೆ ಬಾಣಂತನ ಮಾಡೋರು ಯಾರಿದ್ದಾರೆ?"

ರಿಜಿಕಿ ಎರಡು ಸಲ ಹಿಂದಿರುಗಿ ನೋಡುತ್ತಾ ಬೀದಿಗಿಳಿದಳು.

ತೀಮೆಗೆ ದಿನ ತುಂಬುತ್ತಾ ಬಂದಾಗ ಕಾಜೀಜಾ ಗಂಟು ಹೊತ್ತು ಬಂದಳು. ಒಳ್ಳೆಯ ಹೆಂಗಸು, ಒಳ್ಳೆಯ ಕೈ, ಅದನ್ನು ಮೀಜೆಯೂ ಅಲ್ಲಗಳೆಯುತ್ತಿರಲಿಲ್ಲ. ಬಂದವಳೇ ಹೊಟ್ಟೆ ಮುಟ್ಟಿ ನೋಡಿ, ನಾಳೆಯೇ ಆಗಬಹುದು ಎಂದಳು. ಮೂಲೆಯಲ್ಲಿ ಕೂತಿದ್ದ ಮೀಜೆಗೆ ತಡೆಯಲಾಗಲಿಲ್ಲ.

"ಅವಸರ ಮಾಡ್ಬೇಡ ತಂಗಿ. ಶುಕ್ರವಾರ. ಗಂಡಸರು ಮಸೀದಿಗೆ ಹೊರಡೋ ಹೊತ್ತಿಗೆ."

"ನಿನ್ನ ಲೆಕ್ಕ ಸಾಕು ಬಿಡು ಬೀಗಿತ್ತಿ" ಎಂದಳು ರಿಜಿಕಿ.

ನಾಳೆ ಹೋಯಿತು, ನಾಡಿದ್ದೂ ಹೋಯಿತು. ಶುಕ್ರವಾರ ಬೆಳಿಗ್ಗೆ ನೋವು ಶುರುವಾಯಿತು. ಮೀಜೆ ಒಳಗೆ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಗಂಜಿಗೆ ಕಾಳುಮೆಣಸು ಅರೆಯತೊಡಗಿದಳು. ಒಳಗೆ ಮಗಳು ಕೂಗಿದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ಹೆಂಗಸರ ಕೂಗನ್ನು ತಣ್ಣಗೆ ಕೇಳಿ "ಇನ್ನೊಂದ್ಸಲ, ಮಗಾ" ಎಂದಿದ್ದವಳು ಈಗ ಪ್ರತಿ ಕೂಗಿಗೂ ತಾನೇ ತಿಣುಕಿದಳು. ಅರೆದ ಮೆಣಸನ್ನೇ ಮತ್ತೆ ಅರೆದಳು. ಗಂಡಸರು ಬಿಳಿಯ ಬಟ್ಟೆ ತೊಟ್ಟು ಬೀದಿಗೆ ಬರುತ್ತಿರುವಾಗ ಒಳಗೆ ಮಗು ಅತ್ತಿತು.

ಕಾಜೀಜಾ ಪರದೆ ಸರಿಸಿ ಹೊರಗೆ ಬಂದಳು. ಕಟ್ಟೆಯ ಮೇಲಿದ್ದವಳನ್ನು ನೋಡಿದಳು, ಬೀದಿಯಲ್ಲಿ ಹೋಗುತ್ತಿದ್ದ ಗಂಡಸರನ್ನು ನೋಡಿದಳು.

"ಹೆಣ್ಣು ಮಗು. ಇಬ್ರೂ ಕ್ಷೇಮ. ಹೊಸ್ತಿಲ ಮಾತು ನೀವೇ ಹೇಳಿ ಅಕ್ಕ. ಈ ಮನೇಲಿ ಅದನ್ನ ಹೇಳೋ ಬಾಯಿ ನಂದಲ್ಲ."

ಮೀಜೆ ಎದ್ದು ಹೊಸ್ತಿಲ ಮೇಲೆ ನಿಂತು ಹೇಳಿದಳು. ದನಿ ಅರ್ಧಕ್ಕೇ ಒಡೆಯಿತು. ಅಲ್ಲೇ ಇದ್ದ ರಿಜಿಕಿ ಅರೆದ ಮೆಣಸನ್ನು ಎತ್ತಿಕೊಂಡು ಒಳಗೆ ಹೋದಳು.

ಬಂಡೆ ತೆರೆದ ದಿನ ಊರಿಗೆ ಊರೇ ದಡಕ್ಕೆ ಹೋಯಿತು, ಮೀಜೆ ಹೋಗಲಿಲ್ಲ. ತೀಮೆಯ ನಲವತ್ತರಲ್ಲಿ ಅರ್ಧ ಕೂಡ ಮುಗಿದಿರಲಿಲ್ಲ, ಬಾಣಂತಿಯನ್ನು ಬಿಟ್ಟು ಹೋಗುವ ಮಾತೆಲ್ಲಿ? ತೀಮೆ ಈಗ ತಾಯಿಯ ಕೈಯಿಂದ ಗಂಜಿ ಕುಡಿಯುತ್ತಿದ್ದಳು, ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ಆದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ದಡದ ಕಡೆಯಿಂದ ಕೇಕೆಯ ಮೇಲೆ ಕೇಕೆ ಕೇಳಿಬರುತ್ತಿತ್ತು. ಮೀಜೆ ಒಂದೊಂದಕ್ಕೂ ಕಿವಿಗೊಟ್ಟು, ಬಿಸಿನೀರಿನ ಬಟ್ಟೆಯಿಂದ ಮಗಳ ಬೆನ್ನು ಒತ್ತುತ್ತಿದ್ದಳು.

ಮಧ್ಯಾಹ್ನ ರಿಜಿಕಿ ಬಂದಳು. ಸೊಂಟದವರೆಗೆ ಒದ್ದೆ. ಎರಡು ಕೈಯಲ್ಲೂ ತಬ್ಬಿ ತಂದ ಆಕ್ಟೋಪಸ್ಸನ್ನು ಕಟ್ಟೆಯ ಮೇಲೆ ಇಳಿಸಿದಳು. ಅದರ ಕಾಲುಗಳು ಕಟ್ಟೆಯಿಂದ ಕೆಳಗೆ ಜೋತುಬಿದ್ದವು. ಅಂಥದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ನೀನು ದಿನ ತಪ್ಪಿರ್ಲಿಲ್ಲ" ಎಂದಳು.

"ತಪ್ಪಿದ್ದೆ."

"ಶುಕ್ರವಾರ ಅಂದೆ, ಶುಕ್ರವಾರವೇ ಆಯ್ತು. ಗಂಡಸರು ಹೊರಡೋ ಹೊತ್ತು ಅಂದೆ, ಅದೇ ಹೊತ್ತಿಗಾಯ್ತು."

"ಒಂದ್ಸಲ ಸರಿಹೋಯ್ತು."

"ಮೀಜೆ, ನನ್ನ ಮುಖ ನೋಡು. ಸ್ವಂತ ಮಗಳ ಹೆರಿಗೇನ ಬೇರೆಯವಳ ಕೈಗೆ ಬಿಟ್ಟು ಹೊರಗೆ ಮೆಣಸು ಅರೀತಾ ಕೂತ್ಯಲ್ಲ. ಹಾಗೆ ಮಾಡಿಸಿದ್ದು ನಾನು. ಒಂದು ಮಾತು ನನಗೆ ಹೇಳೋಕಾಗ್ಲಿಲ್ವೇನೇ ನಿನಗೆ?"

ಮೀಜೆ ಅಂಗೈಯಿಂದ ಆಕ್ಟೋಪಸ್ಸಿನ ತಲೆಯ ಮೇಲಿನ ಮರಳನ್ನು ಒರೆಸಿದಳು. ಈಗ ಸುಳ್ಳು ಹೇಳಲು ಅವಳಿಗೂ ಶಕ್ತಿ ಉಳಿದಿರಲಿಲ್ಲ.

"ನಿನಗೆ ಹೇಳೋದು, ಊರಿಗೆ ಹೇಳೋದು, ಎರಡೂ ಒಂದೇ ಅಲ್ವೇನೇ ಬೀಗಿತ್ತಿ? ಕೋಲು ಬಿದ್ದಿರೋದು, ಬಲೆ ಬಂದಿರೋದು. ನನ್ನ ಹೊಟ್ಟೆ ಉರೀಲಿಲ್ಲ ಅಂದ್ಕೊಂಡ್ಯಾ? ಈಗ್ಲೂ ಯಾರಿಗೂ ಹೇಳ್ಬೇಡ. ಬರೋ ವರ್ಷನೂ ಬಂಡೆ ಮಲಗ್ಬೇಕು. ಆಗ್ಲೂ ನೀವೆಲ್ಲ ನಲವತ್ತಕ್ಕೇ ತಮಟೆ ಹೊಡ್ಕೊಂಡು ಬರ್ತೀರಿ, ಆಗ್ಲೂ ನಾನು ದಿನ ತಪ್ಪಲೇಬೇಕು."

ಪರದೆಯ ಹಿಂದೆ ಮಗುವನ್ನು ತಟ್ಟುತ್ತಿದ್ದ ಸದ್ದು ನಿಂತಿತು. "ಅಮ್ಮಾ" ಎಂದಳು ತೀಮೆ. ಆಮೇಲೆ ಅವಳು ಬಿಕ್ಕುವುದು ಕೇಳಿಸಿತು.

ಮೀಜೆ ಒಳಗೆ ಓಡಿದಳು. ರಿಜಿಕಿ ಒಬ್ಬಳೇ ಕಟ್ಟೆಯ ಬಳಿ ನಿಂತಳು. ಉಪ್ಪುನೀರಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು, ಕಣ್ಣು ಉರಿದು ಕಡಲಿಗೆ, ಬಂಡೆಗೆ, ಫಾಕಿಗೆ, ಎಲ್ಲರಿಗೂ ಸೇರಿಸಿ ಒಂದು ಬೈಗುಳ ಬೈದಳು. ಅಷ್ಟರಲ್ಲಿ ತುಂಬಿದ ಬುಟ್ಟಿಗಳನ್ನು ಹೊತ್ತ ಹೆಂಗಸರು ಬೀದಿಗೆ ಬಂದರು.

"ಬಿ ಮೀಜೆ ಯಾಕೆ ಬರ್ಲೇ ಇಲ್ಲ?" ಎಂದು ಯಾರೋ ಕೂಗಿ ಕೇಳಿದರು.

ರಿಜಿಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀದಿಗಿಳಿದಳು. ಒಳಗೆ ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡಿದ್ದ ಮೀಜೆಗೂ, ಜಗಲಿಯಲ್ಲಿದ್ದ ಫಾಕಿಗೂ, ಇಡೀ ಮ್ವಾಂಬೇನಿಗೂ ಕೇಳುವಂತೆ ಅವಳ ದನಿ ಎದ್ದಿತು:

"ಅವಳೆಲ್ಲಿ ಬರ್ತಾಳೆ! ಇವತ್ತೇ ತೆರೆಯೋ ದಿನ ಅಂತ ಆ ಮುದುಕಿಗೆ ನೆನಪೇ ಇರ್ಲಿಲ್ಲ. ವಯಸ್ಸಾಯ್ತು ಕಣ್ರೇ, ದಿನದ ಲೆಕ್ಕ ತಲೇಲಿ ನಿಲ್ಲಲ್ಲ. ಬರ್ದಿಟ್ಕೊಳಿ ಬೇಕಾದ್ರೆ, ಬರೋ ವರ್ಷನೂ ತಪ್ತಾಳೆ!"